ಮಜರ್ ಭಾಯಿಯ ಇಳಿಜಾರು

ಮಜರ್ ಭಾಯಿಯ ಬಗ್ಗೆ ಬರೆಯಲು ಕೂತರೆ ನನಗೆ ಮೊದಲು ಬರುವುದು ಸಿಟ್ಟು, ಉಳಿದದ್ದೆಲ್ಲ ಆಮೇಲೆ. ಐವತ್ತೆಂಟು ವರ್ಷದ ಮನುಷ್ಯ. ಬಲಗೈಗೆ ಮೊಣಕೈವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು, ಎಡಗೈಯಲ್ಲಿ ಪೊರಕೆ ಹಿಡಿದು, ಮನೆಮುಂದಿನ ಇಳಿಜಾರನ್ನು ಈಗಲೂ ಗುಡಿಸುತ್ತಾರೆ. ಬೇಡ ಎಂದರೆ ಕೇಳುವುದಿಲ್ಲ, ಬೈದರೆ ನಗುತ್ತಾರೆ. ಬೈದರೆ ನಗುವವರ ಹತ್ತಿರ ಜಗಳ ಆಡುವುದಾದರೂ ಹೇಗೆ? ನನಗೋ ಜಗಳ ಆಡದೆ ಅಭ್ಯಾಸವಿಲ್ಲ. ನನ್ನ ಗಂಡ ರಮೇಶ ಹೇಳುವ ಹಾಗೆ ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಐರ್ಲೆಂಡಿನ ಚಳಿಗೂ ಅದು ಹೆಪ್ಪುಗಟ್ಟಲಿಲ್ಲ. ಕಂಪನಿಯಲ್ಲಿ ನನ್ನ ಕೆಲಸವೂ ಅಂಥದ್ದೇ. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದಕ್ಕೆ ನನಗೆ ಸಂಬಳ ಕೊಡುತ್ತಾರೆ.

ಡಬ್ಲಿನ್ ಪಕ್ಕದ ಲೀಕ್ಸ್‌ಲಿಪ್ ಎಂಬ ಊರಿನಲ್ಲಿ ನದಿಯ ಕಡೆಗೆ ಇಳಿಯುವ ಗುಡ್ಡದ ಮೈಮೇಲೆ ನಮ್ಮ ಬಡಾವಣೆ. ರಸ್ತೆ ಏರುತ್ತಾ ಹೋಗುತ್ತದೆ, ಅದರ ಪಕ್ಕದಲ್ಲಿ ಮನೆಗಳು ಮೆಟ್ಟಿಲು ಮೆಟ್ಟಿಲಾಗಿ ನಿಂತಿವೆ. ನಮ್ಮ ಮನೆ ಒಂದು ಮೆಟ್ಟಿಲು ಮೇಲೆ, ಮಜರ್ ಭಾಯಿಯ ಮನೆ ಒಂದು ಮೆಟ್ಟಿಲು ಕೆಳಗೆ. ಪ್ರತಿ ಮನೆಯ ಬಾಗಿಲಿನಿಂದ ರಸ್ತೆಯವರೆಗೆ ಡಾಂಬರು ಹಾಕಿದ ಒಂದು ಇಳಿಜಾರು ಇದೆ. ಕಾರು ನಿಲ್ಲಿಸುವ ಆ ಜಾಗಕ್ಕೆ ಡ್ರೈವ್‌ವೇ ಎನ್ನುತ್ತಾರೆ. ಕಟ್ಟಿಸಿದ ಪುಣ್ಯಾತ್ಮ ಅದನ್ನು ಎಷ್ಟು ಕಡಿದಾಗಿ ಮಾಡಿಟ್ಟಿದ್ದಾನೆ ಎಂದರೆ ಮಗುವಿನ ಗಾಡಿ ಕೈಬಿಟ್ಟರೆ ಅದು ರಸ್ತೆ ದಾಟಿ ಎದುರುಮನೆಯ ಹೂವಿನ ಪಾತಿಯಲ್ಲಿ ಹೋಗಿ ನಿಲ್ಲುತ್ತದೆ. ನಮ್ಮಿಬ್ಬರ ಇಳಿಜಾರುಗಳ ನಡುವೆ ಗೋಡೆಯೂ ಇಲ್ಲ, ಬೇಲಿಯೂ ಇಲ್ಲ.

ಮಜರ್ ಭಾಯಿ ಬೆಂಗಳೂರಿನ ಗೋರಿಪಾಳ್ಯದವರು. ಹದಿನಾರನೇ ವಯಸ್ಸಿಗೆ ರಸ್ತೆ ಕೆಲಸಕ್ಕೆ ಸೇರಿ, ಜಲ್ಲಿ ಹೊತ್ತು, ಡಾಂಬರು ಕಾಯಿಸಿ, ಕೊನೆಗೆ ಮೇಸ್ತ್ರಿಯಾದವರು. ಒಟ್ಟು ಇಪ್ಪತ್ತಮೂರು ವರ್ಷದ ಕೆಲಸ, ಅದರಲ್ಲಿ ಅರ್ಧ ಘಾಟಿ ರಸ್ತೆಗಳಲ್ಲೇ ಕಳೆದದ್ದು. ಅವರ ಹೆಂಡತಿ ರೋಶನ್ ಬೀ ನರ್ಸ್. ಆಕೆಗೆ ಡಬ್ಲಿನ್‌ನ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದಾಗ ಇವರೂ ಹಿಂದೆಯೇ ಬಂದರು. ಇಲ್ಲಿಯ ರಸ್ತೆ ಕಂಪನಿಗಳಿಗೆಲ್ಲ ಅರ್ಜಿ ಹಾಕಿದರಂತೆ. ಎಲ್ಲರೂ ಸರ್ಟಿಫಿಕೇಟ್ ಕೇಳಿದರು. ಘಾಟಿಯಲ್ಲಿ ಮಳೆಗಾಲದ ಮುಂಚೆ ಬಿರುಕು ಮುಚ್ಚಿದ್ದಕ್ಕೆ ಸರ್ಟಿಫಿಕೇಟ್ ಯಾರು ಕೊಡುತ್ತಾರೆ? ಕೊನೆಗೆ ಒಂದು ಗೋದಾಮಿನಲ್ಲಿ ಪೆಟ್ಟಿಗೆ ಜೋಡಿಸುವ ಕೆಲಸ ಹಿಡಿದು ಹದಿನೈದು ವರ್ಷ ಅದನ್ನೇ ಮಾಡಿದರು. ಅವರ ಕೈಯಲ್ಲಿದ್ದ ರಸ್ತೆ ವಿದ್ಯೆಯೆಲ್ಲ ಈ ದೇಶದಲ್ಲಿ ಖರ್ಚಾದದ್ದು ಒಂದೇ ಜಾಗದ ಮೇಲೆ, ಅವರ ಮನೆಮುಂದಿನ ಹನ್ನೆರಡು ಮೀಟರ್ ಇಳಿಜಾರಿನ ಮೇಲೆ. ಇದನ್ನು ನೆನೆದರೂ ನನಗೆ ಹೊಟ್ಟೆ ಉರಿಯುತ್ತದೆ.

ಮೂರು ವರ್ಷದ ಹಿಂದೆ ರೋಶನ್ ಬೀಯ ಎರಡೂ ಕಿಡ್ನಿ ಕೈಕೊಟ್ಟವು. ಅಲ್ಲಿಂದ ಆ ಇಳಿಜಾರು ಬರೀ ಇಳಿಜಾರಾಗಿ ಉಳಿಯಲಿಲ್ಲ. ಸೋಮವಾರ, ಬುಧವಾರ, ಶುಕ್ರವಾರ ಬೆಳಗ್ಗೆ ಆರೂಕಾಲಿಗೆ ಡಯಾಲಿಸಿಸ್‌ಗೆ ಕರೆದೊಯ್ಯುವ ಗಾಡಿ ಬರುತ್ತದೆ. ಚಳಿಗಾಲದಲ್ಲಿ ಅದು ಕೆಳಗೆ ರಸ್ತೆಯಲ್ಲೇ ನಿಲ್ಲುತ್ತದೆ. ನೆಲ ಹೆಪ್ಪುಗಟ್ಟಿರುವಾಗ ಇಳಿಜಾರು ಹತ್ತಬಾರದು ಎಂದು ಡ್ರೈವರುಗಳಿಗೆ ನಿಯಮ. ರೋಶನ್ ಬೀಗೆ ನಡೆಯಲು ತ್ರಾಣವಿಲ್ಲ. ಅವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಮಜರ್ ಭಾಯಿಯೇ ಕೆಳಗಿಳಿಸಬೇಕು. ಮೊದಲ ವರ್ಷ ಹಿಮ ಬಿದ್ದಾಗ ಒಂದು ಸರದಿ ತಪ್ಪಿತ್ತು. ಎರಡೇ ದಿನದಲ್ಲಿ ಎದೆಯಲ್ಲಿ ನೀರು ತುಂಬಿಕೊಂಡು, ಮಲಗಿದರೆ ಉಸಿರು ಬಾರದೆ, ಆಕೆ ಕೂತೇ ಇದ್ದರು. ನರ್ಸ್ ಆಗಿದ್ದವರಿಗೆ ತನಗೆ ಏನಾಗುತ್ತಿದೆ ಎಂದು ಬೇರೆಯವರು ಹೇಳಬೇಕಾಗಿರಲಿಲ್ಲ. ಇನ್ನು ಒಂದು ಸರದಿಯೂ ತಪ್ಪಬಾರದು ಎಂದು ಮಜರ್ ಭಾಯಿ ಅವತ್ತೇ ಗೋದಾಮಿನ ಕೆಲಸ ಬಿಟ್ಟರು.

ಆಮೇಲೆ ಶುರುವಾಯಿತು ಆ ಇಳಿಜಾರಿನ ಸೇವೆ. ಆಗಸ್ಟ್ ಕೊನೆಗೆ ಹಳೇ ಚಾಕು ಹಿಡಿದು ಕುಕ್ಕರುಗಾಲಲ್ಲಿ ಕೂತು ಬಿರುಕಿನೊಳಗಿನ ಹುಲ್ಲು, ಪಾಚಿ ಕೆದಕಿ ತೆಗೆಯುತ್ತಿದ್ದರು. ಬಿರುಕು ಒಣಗುವವರೆಗೆ ಕಾದು, ಡಬ್ಬಿಯಲ್ಲಿ ಸಿಗುವ ಡಾಂಬರಿನ ಅಂಟನ್ನು ಎಳೆ ಎಳೆಯಾಗಿ ತುಂಬುತ್ತಿದ್ದರು. ಅದರ ಮೇಲೆ ಕಪ್ಪು ಲೇಪನ ಬಳಿಯಲು ಎರಡು ದಿನ ಬಿಸಿಲು ಬೇಕು. ಐರ್ಲೆಂಡಿನಲ್ಲಿ ಎರಡು ದಿನ ಸತತ ಬಿಸಿಲು ಬರುವುದೆಂದರೆ ಹುಡುಗಾಟವೇ? ದಿನಾ ಅಂಗೈಯನ್ನು ಡಾಂಬರಿನ ಮೇಲೆ ಊರಿ, ಮಗುವಿನ ಜ್ವರ ನೋಡುವವರ ಹಾಗೆ ನೋಡುತ್ತಿದ್ದರು. ಅಕ್ಟೋಬರ್‌ನಲ್ಲಿ ಬಾಗಿಲ ಮುಂದಿನ ಸಣ್ಣ ಚರಂಡಿಯಿಂದ ಎಲೆ ತೆಗೆಯುವುದು, ನವೆಂಬರ್‌ನಲ್ಲಿ ಮಂಜುಗಡ್ಡೆ ಕರಗಿಸಲು ಉಪ್ಪು, ಕಾಲು ಜಾರದಿರಲು ಮರಳು ತಂದಿಡುವುದು, ಹಿಮ ಬಿದ್ದರೆ ಪ್ಲಾಸ್ಟಿಕ್ ಸಲಿಕೆಯಲ್ಲಿ ತಳ್ಳುವುದು. ಕಬ್ಬಿಣದ ಸಲಿಕೆ ಡಾಂಬರನ್ನು ಗೀರುತ್ತದೆ ಎಂದು ಅದನ್ನು ಮುಟ್ಟುತ್ತಲೇ ಇರಲಿಲ್ಲ.

ನಾವು ನಗುತ್ತಿದ್ದೆವು. ಸೆಪ್ಟೆಂಬರಿನಲ್ಲಿ ಅವರು ಲೇಪನ ಬಳಿಯುವುದನ್ನು ಕಂಡು, "ಏನ್ ಮಜರ್ ಭಾಯ್, ದೀಪಾವಳಿಗೆ ಮುಂಚೇನೇ ಡ್ರೈವ್‌ವೇಗೆ ಎಣ್ಣೆಸ್ನಾನಾನಾ?" ಎಂದು ನಾನೇ ಕೇಳಿದ್ದೇನೆ. ಆಚೆ ಬೀದಿಯ ವಿಕ್ರಮ್ ಅಂಗಡಿಯಲ್ಲಿ ರಿಯಾಯಿತಿ ಸಿಕ್ಕಿತೆಂದು ಅದೇ ಲೇಪನವನ್ನು ನವೆಂಬರ್ ಕೊನೆಯಲ್ಲಿ ಬಳಿದ. ಬೇಡಪ್ಪ, ತಣ್ಣಗಿನ ನೆಲ ಹಿಡಿದುಕೊಳ್ಳುವುದಿಲ್ಲ ಎಂದು ಮಜರ್ ಭಾಯಿ ಎರಡು ಸಲ ಅವನ ಮನೆಗೆ ಹೋಗಿ ಹೇಳಿಬಂದಿದ್ದರು. ಆತ ಯೂಟ್ಯೂಬ್ ನೋಡಿದ್ದೇನೆ ಅಂದ. ಅವತ್ತು ಸಂಜೆಯ ಮಳೆಗೆ ಕಪ್ಪುನೀರು ಬೀದಿಯುದ್ದಕ್ಕೂ ಹರಿಯಿತು. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳುತ್ತಾರೆಯೇ? ಮೇಸ್ತ್ರಿ ಪಕ್ಕದಲ್ಲೇ ಇದ್ದರು, ನಾವೆಲ್ಲ ಮೊಬೈಲ್ ನೋಡಿಕೊಂಡಿದ್ದೆವು.

ನನಗೂ ಒಂದು ಸಲ ಪಾಠ ಹೇಳಿದ್ದರು. ನಮ್ಮ ಬಾಗಿಲಲ್ಲೇ ನಿಂತು, ನೆಲ ನೋಡುತ್ತಾ ಹೇಳಿದ್ದರು.

"ಜಯಮ್ಮ, ರಸ್ತೆ ಸಾಯೋದು ಲಾರಿ ಓಡಾಡಿ ಅಲ್ಲ, ನೀರು ಕುಡ್ದು. ಸಣ್ಣ ಬಿರುಕು ಇದ್ರೆ ಸಾಕು, ಒಳಗೆ ಇಳೀತೈತೆ. ಚಳಿಗೆ ಐಸ್ ಆಗಿ ಉಬ್ಬುತೈತೆ, ಬಿಸ್ಲಿಗೆ ಕರಗ್ತೈತೆ, ಮತ್ತೆ ಉಬ್ಬುತೈತೆ. ದಿನಾ ಹಿಂಗಾದ್ರೆ ಬಂಡೇನೇ ತಡಿಯಲ್ಲ, ಇದು ಡಾಂಬರು."

"ಹೌದಾ ಭಾಯ್" ಅಂದೆ. ಆಫೀಸಿಗೆ ಹೊತ್ತಾಗಿತ್ತು.

ಇನ್ನು ನನ್ನ ವಿಷಯ. ನಾನು ಮೈಸೂರಿನವಳು. ನಮ್ಮ ಅಮ್ಮ ಬಾಗಿಲಿಗೆ ನೀರು ಹಾಕದೆ, ರಂಗೋಲಿ ಬಿಡದೆ ಒಂದು ದಿನವೂ ಒಲೆ ಹಚ್ಚಿದವರಲ್ಲ. ಐರ್ಲೆಂಡಿಗೆ ಬಂದೆವು ಎಂದು ಬಾಗಿಲನ್ನು ಹಾಗೇ ಭಣಭಣ ಬಿಡಲಾದೀತೇ? ದಿನಾ ಬೆಳಗ್ಗೆ ಐದೂಕಾಲಿಗೆ ಒಂದು ಬಕೆಟ್ ನೀರು ಹಾಕಿ, ಪೊರಕೆಯಲ್ಲಿ ಗುಡಿಸಿ, ಪುಟ್ಟದೊಂದು ರಂಗೋಲಿ ಬಿಡುತ್ತೇನೆ. ಶುಕ್ರವಾರ ಲಕ್ಷ್ಮಿಯ ದಿನ, ಅವತ್ತು ಮೂರು ಬಕೆಟ್. ಚಳಿಗಾಲದಲ್ಲಿ ಕೈ ಮರಗಟ್ಟುತ್ತದೆ ಎಂದು ಬಿಸಿನೀರನ್ನೇ ಹಾಕುತ್ತಿದ್ದೆ. ಒಂದು ತಾಸಿನಲ್ಲಿ ಮಳೆ ಬಂದು ರಂಗೋಲಿ ಅಳಿಸಿಹೋದರೂ ನಾನು ಬಿಟ್ಟವಳಲ್ಲ. ಅಂಚೆಯವನು ಕೂಡ ತುಳಿಯದೆ ಪಕ್ಕಕ್ಕೆ ಕಾಲಿಡುತ್ತಾನೆ. ನಮ್ಮ ಬಾಗಿಲಲ್ಲಿ ಒಂದು ಹನಿ ನೀರೂ ನಿಲ್ಲುವುದಿಲ್ಲ, ಸರಾಗವಾಗಿ ಹರಿದುಹೋಗುತ್ತದೆ ಎಂದು ನನಗೆ ಹೆಮ್ಮೆ ಬೇರೆ. ಹರಿದು ಎಲ್ಲಿಗೆ ಹೋಗುತ್ತದೆ ಎಂದು ಇಂಜಿನಿಯರಿಂಗ್ ಓದಿದ ನನ್ನ ತಲೆಗೆ ನಾಲ್ಕು ವರ್ಷದಲ್ಲಿ ಒಮ್ಮೆಯೂ ಹೊಳೆಯಲಿಲ್ಲ.

ಕಳೆದ ವರ್ಷ ಮಜರ್ ಭಾಯಿ ನಮಗೂ ಒಂದು ಮೂಟೆ ಕಲ್ಲುಪ್ಪು ತಂದುಕೊಟ್ಟರು, ಬಾಗಿಲ ಮುಂದೆ ಎರಚಿ ಎಂದರು. ಉಪ್ಪು ತುಳಿಯಬಾರದು, ತುಳಿದರೆ ದರಿದ್ರ ಎಂದು ನಮ್ಮ ಅಮ್ಮ ಹೇಳುತ್ತಿದ್ದರು. ಲಕ್ಷ್ಮಿಗೆ ರಂಗೋಲಿ ಬಿಟ್ಟು ಅದರ ಪಕ್ಕದಲ್ಲೇ ಉಪ್ಪು ತುಳಿಯುವುದೇ? ಮೂಟೆಯನ್ನು ಹಿತ್ತಿಲಿನ ಶೆಡ್ಡಿಗೆ ಹಾಕಿದೆ. ವಾರ ಕಳೆದ ಮೇಲೆ ನೋಡಿದರೆ ನಮ್ಮ ಬಾಗಿಲ ಮುಂದೆ ಸಣ್ಣಗೆ ಮರಳು ಉದುರಿಸಿದ್ದರು. ಕೇಳದೆ ನಮ್ಮ ಜಾಗಕ್ಕೆ ಮರಳು ಹಾಕಿದರಲ್ಲ ಎಂದು ನಾನು ರಮೇಶನ ಮುಂದೆ ಕೂಗಾಡಿದೆ. ನಾನು ಯಾಕೆ ಉಪ್ಪು ಹಾಕಲಿಲ್ಲ ಎಂಬುದನ್ನು ಆ ಮನುಷ್ಯ ಒಂದು ಮಾತೂ ಕೇಳದೆ ಅರ್ಥಮಾಡಿಕೊಂಡಿದ್ದರು ಎಂಬುದು ಈಗ ಹೊಳೆಯುತ್ತಿದೆ.

ಈ ಜನವರಿಯ ಒಂದು ಶುಕ್ರವಾರ. ರಾತ್ರಿಯಿಡೀ ಸೊನ್ನೆಗಿಂತ ಐದು ಡಿಗ್ರಿ ಕೆಳಗೆ. ಮೊಬೈಲಿನಲ್ಲಿ ಅಲಾರಂ ಇಡಲು ಮರೆತು ನಾನು ಎದ್ದದ್ದೇ ಐದೂಮುಕ್ಕಾಲಿಗೆ. ಮೂರು ಬಕೆಟ್ ಬಿಸಿನೀರು ಗಡಿಬಿಡಿಯಲ್ಲಿ ಎರಚಿದೆ, ಐದು ಎಳೆಯ ರಂಗೋಲಿ ಎಳೆದೆ, ಹಿತ್ತಿಲ ಬಾಗಿಲಿನಿಂದ ಸ್ಟೇಷನ್ನಿಗೆ ಓಡಿದೆ. ರೈಲು ಹತ್ತಿ ಕೂತು ಐದು ನಿಮಿಷ ಆಗಿರಲಿಲ್ಲ, ರಮೇಶನ ಫೋನ್ ಬಂತು.

"ಮಜರ್ ಭಾಯಿ ಬಿದ್ದಿದಾರೆ ಕಣೇ. ರೋಶನ್ ಅಕ್ಕ ಚೇರ್ ಸಮೇತ ರಸ್ತೆಗೆ ಹೋಗ್ಬಿಟ್ರು. ಆಂಬುಲೆನ್ಸ್ ಬರ್ತಾ ಐತೆ."

ನಡೆದದ್ದನ್ನು ನನಗೆ ಪೂರ್ತಿಯಾಗಿ ಹೇಳಿದವಳು ಅವರ ಮಗಳು ಮರಿಯಮ್. ಹದಿನೇಳು ವರ್ಷದ ಹುಡುಗಿ, ಇಲ್ಲೇ ಹುಟ್ಟಿದವಳು. ಕನ್ನಡದಲ್ಲಿ ಕೇಳಿದರೆ ಐರಿಷ್ ಧಾಟಿಯ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಆಸ್ಪತ್ರೆಯಲ್ಲಿ ಅವಳು ಹೇಳಿದ್ದು ಇಷ್ಟು. ಅಬ್ಬ ಎಂದಿನಂತೆ ಎದ್ದು, ಉಪ್ಪು ಮರಳು ಹಾಕಿ, ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನಡೆದು ನೋಡಿ, ಎಲ್ಲ ಸರಿಯಾಗಿದೆ ಎಂದು ಒಳಗೆ ಬಂದಿದ್ದರು. ಅಮ್ಮಿಗೆ ಸ್ವೆಟರ್, ಶಾಲು ಹೊದಿಸಿ ಕುರ್ಚಿಯಲ್ಲಿ ಕೂರಿಸಿಕೊಂಡು ಹೊರಗೆ ಬಂದರೆ ಅರ್ಧ ದಾರಿಯಲ್ಲಿ ಕಾಲ ಕೆಳಗೆ ಗಾಜಿನಂಥ ಮಂಜುಗಡ್ಡೆ. ಮರಳು ಕೊಚ್ಚಿಹೋಗಿತ್ತು. ಕುರ್ಚಿ ಜಾರಿತು. ಅಬ್ಬ ಅದನ್ನು ಬಿಡದೆ ಹಿಡಿದುಕೊಂಡೇ ಬಿದ್ದು, ಅದರ ಜೊತೆ ಕೆಳಗಿನವರೆಗೆ ಎಳೆದುಕೊಂಡು ಹೋದರು.

ಮಜರ್ ಭಾಯಿಯ ಬಲಗೈ ಎರಡು ಕಡೆ ಮುರಿದಿತ್ತು. ಅದಾದರೂ ಕೂಡುವ ಮೂಳೆ. ರೋಶನ್ ಬೀ ಬಿದ್ದದ್ದು ಎಡಗೈಯ ಮೇಲೆ. ಡಯಾಲಿಸಿಸ್‌ನ ಸೂಜಿ ಚುಚ್ಚಲೆಂದು ಆ ಕೈಯಲ್ಲಿ ಆಪರೇಷನ್ ಮಾಡಿ ಎರಡು ರಕ್ತನಾಳ ಜೋಡಿಸಿದ್ದರು. ಆ ಕೈಗೆ ಬಳೆ ಹಾಕುತ್ತಿರಲಿಲ್ಲ, ಅದರಲ್ಲಿ ಒಂದು ಲೋಟ ಕೂಡ ಎತ್ತುತ್ತಿರಲಿಲ್ಲ, ಅಷ್ಟು ಜೋಪಾನ. ಬಿದ್ದ ಏಟಿಗೆ ಅದರಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಹೋಯಿತು. ಡಾಕ್ಟರುಗಳು ಎಷ್ಟು ಪ್ರಯತ್ನಪಟ್ಟರೂ ತೆರೆಯಲಿಲ್ಲ. ಈಗ ಕುತ್ತಿಗೆಗೆ ನಳಿಕೆ ಹಾಕಿದ್ದಾರೆ. ಅದಕ್ಕೆ ನಂಜು ತಗಲಿದರೆ ಜೀವಕ್ಕೇ ಅಪಾಯ ಎಂದು ರೋಶನ್ ಬೀಯೇ ನನಗೆ ಬಿಡಿಸಿ ಹೇಳಿದರು, ವಾರ್ಡಿನಲ್ಲಿ ಬೇರೆ ಯಾರದೋ ರೋಗದ ಬಗ್ಗೆ ಹೇಳುವಂತೆ.

ನನ್ನ ಸಿಟ್ಟಿಗೆ ಆಗ ಕಡಿವಾಣವೇ ಇರಲಿಲ್ಲ. ಗುಡ್ಡದ ರಸ್ತೆಗೆ ಉಪ್ಪು ಹಾಕದ ಸ್ಥಳೀಯ ಆಡಳಿತವನ್ನು, ಇಲ್ಲಿಯವರ ಮಾತಲ್ಲಿ ಕೌಂಟಿಯವರನ್ನು, ಬೈದೆ. ಕೆಳಗೆ ಗಾಡಿಯಲ್ಲಿ ಬೆಚ್ಚಗೆ ಕೂತಿದ್ದ ಡ್ರೈವರನ್ನು ಬೈದೆ. ಆತ ಇಳಿದು ಓಡಿಬಂದು ರೋಶನ್ ಬೀಯನ್ನು ಎತ್ತಿದ್ದ ಎಂದು ಮರಿಯಮ್ ಹೇಳಿದರೂ ಬೈದೆ. ಮನೆ ಕಟ್ಟಿದವನ ವಂಶವನ್ನು ಬೈದೆ. "ಇಷ್ಟು ವರ್ಷ ಆ ಡಾಂಬರಿಗೆ ಪೂಜೆ ಮಾಡಿ ಏನು ಬಂತು?" ಎಂದು ರಮೇಶನ ಮುಂದೆ ಮಜರ್ ಭಾಯಿಯನ್ನೂ ಬೈದೆ. ಕೌಂಟಿಯವರಿಗೆ ಮೂರು ಇಮೇಲ್ ಬರೆದೆ. ಮೂರನೆಯದನ್ನು ಓದಿದ ರಮೇಶ, "ಇದನ್ನ ಓದಿದ್ರೆ ಆ ಮನುಷ್ಯ ರಜ ಹಾಕ್ತಾನೆ" ಅಂದ. ಹಾಕಲಿ ಅಂದೆ. ಪಕ್ಕದ ಮನೆಯವರಿಗಾಗಿ ಹೋರಾಡುತ್ತಿದ್ದೇನೆ ಎಂಬ ಜಂಬ ನನಗೆ.

ಮೂರು ವಾರದ ಮೇಲೆ ಕೌಂಟಿಯಿಂದ ಒಬ್ಬರು ಬಂದರು, ಡೆಕ್ಲನ್ ಎಂದು ಹೆಸರು. ವಯಸ್ಸಾದ ಮನುಷ್ಯ, ಕೆಸರು ಮೆತ್ತಿದ ಬೂಟು. ಮನೆಯ ಆವರಣದೊಳಗಿನ ಜಾಗ ನಮ್ಮ ಹೊಣೆಯಲ್ಲ, ಆದರೂ ಇಷ್ಟು ಬರೆದಿದ್ದೀರಲ್ಲ ಎಂದು ನೋಡಲು ಬಂದೆ ಎಂದರು. ನಾನು ಅವರ ಹಿಂದೆಯೇ ಮಾತಾಡುತ್ತಾ ಹೋದೆ. ಮಜರ್ ಭಾಯಿಯ ಇಳಿಜಾರಿನಲ್ಲಿ ಅವರು ಮಂಡಿಯೂರಿ ಕೂತು, ತುಂಬಿದ ಬಿರುಕುಗಳ ಮೇಲೆ ಬೆರಳಾಡಿಸಿದರು.

"ಇದನ್ನು ಮಾಡಿದವರು ಯಾರು? ಗ್ರ್ಯಾಂಡ್ ಕೆಲಸ. ಕೆಲಸ ಗೊತ್ತಿರೋ ಕೈ ಇದು" ಎಂದರು ಇಂಗ್ಲಿಷಿನಲ್ಲಿ.

"ಮತ್ತೆ ಯಾಕೆ ಒಡೆಯುತ್ತಾ ಇದೆ?" ಎಂದೆ ನಾನು, ಅದೂ ಅವರ ತಪ್ಪೆಂಬ ಹಾಗೆ.

ಅವರು ಇನ್ನಷ್ಟು ಬಗ್ಗಿದರು. ಬಿರುಕೊಂದರಿಂದ ಉಗುರಿನಲ್ಲಿ ಏನನ್ನೋ ಕೆದಕಿ ಅಂಗೈ ಮೇಲೆ ಹಾಕಿಕೊಂಡರು. ಬಿಳಿ ಪುಡಿ. ಇನ್ನೊಂದು ಬಿರುಕಿನಲ್ಲೂ ಅದೇ, ಅದರ ಮೇಲಿನದರಲ್ಲೂ ಅದೇ. ಸಣ್ಣಗೆ ಬಿಳಿ ಗೆರೆಗಳು ಓರೆಯಾಗಿ ಇಳಿಜಾರು ಹತ್ತಿ, ಗಡಿ ದಾಟಿ, ನಮ್ಮ ಬಾಗಿಲವರೆಗೆ ಹೋಗಿದ್ದವು.

"ನೀರು ಮೇಲಿನಿಂದ ಬರುತ್ತಿದೆ. ಮಳೆಯದಲ್ಲ, ಮಳೆಯಾದರೆ ಎಲ್ಲ ಕಡೆ ಒಂದೇ ಸಮ ಇರಬೇಕಿತ್ತು. ಯಾರೋ ದಿನಾ ಅದೇ ಜಾಗದಲ್ಲಿ ಸುರಿಯುತ್ತಿದ್ದಾರೆ. ಈ ಬಿಳಿಯದು ಏನು ಗೊತ್ತಾ ನಿಮಗೆ?"

ಗೊತ್ತು. ಮೈಸೂರಿನಿಂದ ವರ್ಷಕ್ಕೊಮ್ಮೆ ಎರಡು ಕಿಲೋ ತರಿಸುತ್ತೇನೆ. ಬೇರೆಯವರ ತಪ್ಪು ಹುಡುಕಲು ಮೂರು ಇಮೇಲ್ ಬರೆದು ಕರೆಸಿಕೊಂಡ ಮನುಷ್ಯ ನನ್ನ ಹೊಸ್ತಿಲಿಗೇ ಬೆರಳು ತೋರಿಸುತ್ತಾ ನಿಂತಿದ್ದರು. ಗೊತ್ತಿಲ್ಲ ಎಂದುಬಿಟ್ಟೆ. ಆತ ಒಮ್ಮೆ ನಮ್ಮ ಬಾಗಿಲ ರಂಗೋಲಿ ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಮೇಲಿನ ಮನೆಯವರಿಗೆ ಹೇಳಿ, ಚಳಿಗಾಲ ಮುಗಿಯುವವರೆಗೆ ನೀರು ಬೇಡ ಎಂದಷ್ಟೇ ಹೇಳಿ ಹೊರಟರು.

ಅವತ್ತು ಮಧ್ಯಾಹ್ನವೇ ಮಜರ್ ಭಾಯಿಯ ಮನೆಗೆ ಹೋದೆ. ಕ್ಷಮೆ ಕೇಳಲು ಹೋದೆ ಎಂದು ಬರೆದರೆ ಸುಳ್ಳಾಗುತ್ತದೆ. ಹೋದದ್ದು ಜಗಳಕ್ಕೆ. ಬಾಗಿಲು ತೆಗೆದವರೇ, "ಬನ್ನಿ ಜಯಮ್ಮ, ಚಾ ಕುಡೀರಿ" ಎಂದರು ನಗುತ್ತಾ. ರೋಶನ್ ಬೀ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು, ಕುತ್ತಿಗೆಯ ನಳಿಕೆಯ ಮೇಲೆ ಬಿಳಿ ಪಟ್ಟಿ.

"ಆ ನೀರು ನಂದೇ ಅಂತ ನಿಮಗೆ ಗೊತ್ತಿತ್ತಲ್ವಾ?" ಎಂದೆ ನಿಂತಲ್ಲೇ.

"ಯಾವ ನೀರು?"

"ನಾಟಕ ಬೇಡ ಭಾಯ್. ಗೊತ್ತಿತ್ತೋ ಇಲ್ವೋ?"

ಅವರು ಮುರಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಕೂತರು. "ದಿನಾ ನೀವು ಐದೂಕಾಲಿಗೆ ಹಾಕ್ತಿದ್ರಿ. ನೀವು ಒಳಗೆ ಹೋದ್ಮೇಲೆ ನಾನು ಬಂದು ಒರೆಸಿ ಉಪ್ಪು ಹಾಕ್ತಿದ್ದೆ. ಅವತ್ತು ನಿಮ್ಮನೆ ಲೈಟು ಹತ್ತಿರ್ಲಿಲ್ಲ. ಊರಿಗೆ ಹೋಗಿರ್ಬೇಕು ಅನ್ಕೊಂಡೆ. ನಂದೂ ತಪ್ಪೇ ಬಿಡಿ."

ನಂದೂ ತಪ್ಪೇ ಅಂತೆ! ನನ್ನ ಮೈಯೆಲ್ಲ ಉರಿದುಹೋಯಿತು. ನನ್ನ ಬಕೆಟ್ಟಿಗೆ ಕಾದು, ನನ್ನ ಹಿಂದೆಯೇ ಬಂದು ನೆಲ ಒರೆಸುತ್ತಿದ್ದರು ಈ ಮನುಷ್ಯ. ವಾರಕ್ಕೆ ಏಳು ದಿನ, ಮೂರು ಚಳಿಗಾಲ.

"ವಿಕ್ರಮ್ ಮನೆಗೆ ಎರಡು ಸಲ ಹೋಗಿ ಹೇಳಿದ್ರಿ. ಎದುರುಮನೆಯವರಿಗೆ ಹೇಳಿದ್ರಿ. ಊರಿಗೆಲ್ಲ ಹೇಳಿದ್ರಿ. ನನಗೆ ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ರೋಶನ್ ಅಕ್ಕನ ಕೈ ಹೋಯ್ತಲ್ಲ! ಇಷ್ಟು ಒಳ್ಳೇತನ ಯಾರಿಗೆ ಬೇಕಿತ್ತು?"

"ದೇವ್ರ ಕೆಲ್ಸ ಅಲ್ವಾ ಜಯಮ್ಮ. ಬಾಗಿಲಿಗೆ ನೀರು ಹಾಕ್ಬೇಡಿ ಅಂತ ಒಂದು ಹೆಣ್ಮಗಳಿಗೆ ಹೆಂಗೆ ಹೇಳೋದು?"

"ಸುಳ್ಳು ಹೇಳ್ಬೇಡಿ" ಎಂದರು ರೋಶನ್ ಬೀ.

ಅವರ ದನಿ ದೊಡ್ಡದೇನಲ್ಲ, ಈಗ ಅಷ್ಟು ಉಸಿರೂ ಇಲ್ಲ. ಮಜರ್ ಭಾಯಿ "ಬಿಡು ಬೀ" ಎಂದರು. ಅವರು ಬಿಡಲಿಲ್ಲ.

"ಕೂತ್ಕೊ ಜಯಾ. ನೀನು ಕೇಳ್ದೆ, ನಾನು ಹೇಳ್ತೀನಿ. ಗೋರಿಪಾಳ್ಯದಲ್ಲಿ ನಮ್ಮನೆ ಎಡಗಡೆ ಬಲಗಡೆ ರಂಗೋಲಿ ಮನೆಗಳೇ. ನೀರು ನಮ್ಮ ಬಾಗಿಲಿಗೆ ಬಂದ್ರೆ ನಮ್ಮತ್ತೆ ಹೋಗಿ ಬೈದು ಬರೋರು, ಅವರೂ ಬಯ್ಯೋರು, ಸಂಜೆಗೆ ಚಕ್ಲಿ ಕಳಿಸೋರು. ಇವರು ನೀರು ಹಾಕ್ಬೇಡಿ ಅಂತ ಹೇಳಕ್ಕೆ ಬಾರದೋರಲ್ಲ. ನಿಂಗೆ ಹೇಳಕ್ಕೆ ಹೆದರಿದ್ರು."

"ನಂಗಾ?"

"ನಿಂಗೇ. ಮೊದಲನೇ ಚಳಿಗಾಲದಲ್ಲೇ ನಾನಂದೆ, ಹೋಗಿ ಹೇಳಿ, ಅವಳ ಬಾಯಿ ಜೋರು, ಕೆಟ್ಟವಳಲ್ಲ ಅಂತ. ಕೇಳು ಇವರೇನಂದ್ರು ಅಂತ. ಡಾಂಬರು ಒಡೆದ್ರೆ ನಾನು ಮುಚ್ತೀನಿ ಬೀ, ಸಾಬ್ರು ನಮ್ಮ ರಂಗೋಲಿ ನಿಲ್ಸಿದ್ರು ಅಂತ ಅವ್ರು ಗ್ರೂಪಲ್ಲಿ ಹಾಕಿದ್ರೆ ಅದನ್ನ ಯಾರು ಮುಚ್ತಾರೆ ಅಂದ್ರು."

ಲೀಕ್ಸ್‌ಲಿಪ್ ಕನ್ನಡಿಗರ ವಾಟ್ಸಾಪ್ ಗ್ರೂಪಿನಲ್ಲಿ ನೂರಾ ನಲವತ್ತು ಜನ ಇದ್ದೇವೆ. ಮಜರ್ ಭಾಯಿಯೂ ಅದರಲ್ಲಿದ್ದಾರೆ. ಅವರು ಬರೆಯುವುದಿಲ್ಲ, ಓದುತ್ತಾರೆ.

"ನಾನು ಯಾವತ್ತಾದ್ರೂ ಹಂಗೆ ಬರ್ದಿದೀನಾ ಅಕ್ಕ?"

"ಗಣೇಶನ ಹಬ್ಬದಲ್ಲಿ ಕೊನೇಮನೆ ಐರಿಷ್ ಮುದುಕ ಬಂದಿದ್ನಲ್ಲ, ನಿಮ್ಮ ನೆಂಟರ ಕಾರು ನನ್ನ ಗೇಟಿಗೆ ಅಡ್ಡ ಐತೆ, ಸರಿಸಿ ಅಂತ. ಅವನು ಕೇಳಿದ್ದು ಅಷ್ಟೇ. ನೀನು ಏನು ಬರ್ದೆ?"

ನನಗೆ ನೆನಪಿತ್ತು. ನಮ್ಮ ಹಬ್ಬ ಕಂಡರೆ ಇವರಿಗೆ ಹೊಟ್ಟೆಕಿಚ್ಚು, ಇವತ್ತು ಕಾರು ಅಂದರು, ನಾಳೆ ಗಣಪತಿಯನ್ನೇ ಬೇಡ ಅನ್ನುತ್ತಾರೆ ಎಂದು ಬರೆದಿದ್ದೆ. ಅರವತ್ತು ಜನ ಹೆಬ್ಬೆರಳು ಎತ್ತಿದ್ದರು. ಅದಾದ ಮೇಲೆ ಆ ಮುದುಕ ನಮ್ಮ ಬೀದಿಯಲ್ಲಿ ಯಾರಿಗೂ ತಲೆ ಆಡಿಸುತ್ತಿರಲಿಲ್ಲ, ನಮ್ಮವರೂ ಅವನನ್ನು ಮಾತಾಡಿಸುತ್ತಿರಲಿಲ್ಲ.

"ಅವನು ಇಲ್ಲಿಯವನು, ಅವನಿಗೆ ನಡೀತೈತೆ. ನಾವು ನಿಮ್ಮ ಜೊತೆ ಬಿಟ್ರೆ ಇನ್ಯಾರ ಜೊತೆ ಕನ್ನಡ ಮಾತಾಡೋದು? ಅದಕ್ಕೇ ಇವರು ಬಾಯಿ ಮುಚ್ಕೊಂಡು ಒರೆಸಿದ್ರು" ಎಂದರು ರೋಶನ್ ಬೀ. ಆಯಾಸವಾಗಿ ತಲೆಯನ್ನು ಹಿಂದಕ್ಕೆ ಆನಿಸಿದರು. "ನಂಗೂ ಇವರ ಮೇಲೆ ಸಿಟ್ಟೈತೆ, ಇಲ್ಲ ಅನ್ನಲ್ಲ. ನಿನ್ನ ಮೇಲೂ ಐತೆ."

ಮಜರ್ ಭಾಯಿ ಎದ್ದು ಚಾ ಮಾಡಲು ಅಡುಗೆಮನೆಗೆ ಹೋದರು. ಒಂದೇ ಕೈಯಲ್ಲಿ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು.

ನಿಮಗೆ ಹೇಗೆ ಹಾಗನ್ನಿಸಿತು ಅಕ್ಕ, ನಾನು ನಿಮ್ಮ ಬಗ್ಗೆ ಹಾಗೆಲ್ಲ ಬರೆಯುತ್ತಿದ್ದೆನೇ ಎಂದು ಹೇಳಲು ಬಾಯಿ ತೆರೆದೆ. ಆದರೆ ಮೂರು ವರ್ಷದ ಹಿಂದಿನ ಒಂದು ಬೆಳಗ್ಗೆ ಮಜರ್ ಭಾಯಿ ನನ್ನ ಬಾಗಿಲಿ‌ಗೆ ಬಂದು, ಜಯಮ್ಮ, ಚಳಿಗಾಲ ಕಳೆಯೋವರೆಗೂ ನೀರು ಬೇಡ ಎಂದಿದ್ದರೆ ನಾನು ಏನು ಮಾಡುತ್ತಿದ್ದೆ ಎಂದು ಅಲ್ಲೇ ಕೂತು ಯೋಚಿಸಿದೆ. ಬಕೆಟ್ಟನ್ನು ಅಲ್ಲೇ ಕುಕ್ಕಿ, ಒಳಗೆ ಹೋಗಿ, ಫೋನ್ ಎತ್ತಿಕೊಳ್ಳುತ್ತಿದ್ದೆ. ಬರೆಯುತ್ತಿದ್ದ ಸಾಲು ಕೂಡ ತಕ್ಷಣ ತಲೆಗೆ ಬಂತು, ಒಂದು ಪದಕ್ಕೂ ತಡಕಾಡಬೇಕಾಗಲಿಲ್ಲ. ಅದನ್ನು ಇಲ್ಲಿ ಬರೆಯಲು ನನಗೆ ನಾಚಿಕೆ. ಎಷ್ಟು ಹೆಬ್ಬೆರಳು ಬರುತ್ತಿದ್ದವು ಎಂಬುದೂ ನನಗೆ ಗೊತ್ತು.

ಮಜರ್ ಭಾಯಿ ಚಾ ತಂದರು. ಒಂದೇ ಕೈಯಲ್ಲಿ ಇಡುವಾಗ ತಟ್ಟೆಗೆ ಸ್ವಲ್ಪ ಚೆಲ್ಲಿತು. "ಬಿಸಿ ಐತೆ, ನೋಡ್ಕೊಂಡು ಕುಡೀರಿ" ಎಂದರು ನಗುತ್ತಾ. ಇಷ್ಟು ವರ್ಷ ಅದನ್ನು ಒಳ್ಳೆಯ ಮನುಷ್ಯನ ನಗು ಎಂದುಕೊಂಡಿದ್ದೆ. ಅವರು ನನಗೆ ಹೆದರಿ ನಗುತ್ತಿದ್ದರು.